ಅಪ್ಪ ಹೇಳಿದ್ದು ‘ತೆಗೆದೆ’

ಅಪ್ಪನ ಕೊನೆಯ ಕವನ ಸಂಕಲನದ ಮೂವತ್ತೊಂದನೆಯ ಪುಟದಲ್ಲಿರುವ ಒಂದು ಕ್ರಿಯಾಪದ ಅಪ್ಪನದಲ್ಲ. ಅದು ನನ್ನದು. ಅವರು ‘ಚಿಲಕ ತೆಗೆದೆ’ ಎಂದು ಹೇಳಿದ್ದರು. ನಾನು ‘ಚಿಲಕ ತೆಗೆದಿತ್ತು’ ಎಂದು ಬರೆದೆ. ಗೊತ್ತಿದ್ದೇ ಬರೆದೆ. ಸರಿಯಾಗಿ ಕೇಳಿಸಲಿಲ್ಲ ಎಂದಲ್ಲ, ಟೈಪು ಮಾಡುವಾಗ ಬೆರಳು ತಪ್ಪಿತು ಎಂದಲ್ಲ, ಅಚ್ಚಿನವರ ತಪ್ಪಂತೂ ಅಲ್ಲವೇ ಅಲ್ಲ. ಆ ಕವಿತೆಯನ್ನು ಓದಿ ನನಗೆ ಕಾಗದ ಬರೆದವರಿದ್ದೀರಿ, ಫೋನ್ ಮಾಡಿದವರಿದ್ದೀರಿ. ನಿಮಗೆ ಇದನ್ನು ಹೇಳಲೇಬೇಕು. ನಿಮಗಿಂತ ಮೊದಲು ಹೇಳಬೇಕಾದವರು ಒಬ್ಬರಿದ್ದರು — ಅವರಿಗೆ ಹೇಳಿಯಾಗಿದೆ. ಎಷ್ಟು ತಡವಾಗಿ ಹೇಳಿದೆ, ಯಾವುದಕ್ಕೆ ಹೆದರಿ ಹೇಳಿದೆ — ಅದೂ ಈ ಬರಹದಲ್ಲಿ ಬರಬೇಕು, ಇಲ್ಲದಿದ್ದರೆ ಇದೂ ಇನ್ನೊಂದು ತಿದ್ದಿದ ಪ್ರತಿಯಾದೀತು.

ಅಪ್ಪ ಹುಟ್ಟಿದ್ದು ಕಾಸರಗೋಡಿನ ಕಡೆಯ ಒಂದು ಸಣ್ಣ ಸ್ಟೇಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಜ್ಜ ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಅಪ್ಪ ಮುಂದೆ ಕೊಚ್ಚಿಗೆ ಬಂದು, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ನಿವೃತ್ತಿಯವರೆಗೆ ದುಡಿದು, ಆಮೇಲೆ ತೇವರದ ಫ್ಲ್ಯಾಟಿನಲ್ಲಿ ನನ್ನ ಜೊತೆಗೇ ಉಳಿದರು. ಬರೆದದ್ದು ನಾಲ್ಕು ತೆಳ್ಳನೆಯ ಪುಸ್ತಕ. ಅವರನ್ನು ಬಲ್ಲ ಹೆಚ್ಚಿನವರು ಬಲ್ಲದ್ದು ಒಂದೇ ಕವಿತೆಯಿಂದ — ‘ಅಕ್ಕನ ಕೈ’. ಮೂವತ್ತನೆಯ ವಯಸ್ಸಿನಲ್ಲಿ ಬರೆದದ್ದು. ‘ಮರೆತ ಕೈಯನ್ನು ಮರೆತುಬಿಡು ಅಕ್ಕ’ ಎಂಬ ಅದರ ಕೊನೆಯ ಸಾಲನ್ನು ಕವಿಗೋಷ್ಠಿಗಳಲ್ಲಿ ಜನ ಅವರ ಜೊತೆ ತಾವೂ ಹೇಳುತ್ತಿದ್ದರು.

ಆ ಕವಿತೆಯ ಹಿಂದಿನ ಸಂಗತಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಆಗ ಎಂಟು ವರ್ಷ, ಅವರ ಅಕ್ಕ ದೇವಕಿಗೆ ಹನ್ನೆರಡು, ತಂಗಿ ಪದ್ಮಳಿಗೆ — ಪಮ್ಮಿ ಅಂತ ಕರೆಯುತ್ತಿದ್ದರು — ಇನ್ನೂ ಮೂರು ತುಂಬಿರಲಿಲ್ಲ. ಕ್ವಾರ್ಟರ್ಸಿನ ಅಂಗಳಕ್ಕೆ ಒಂದು ಮರದ ಗೇಟು, ಗೇಟಿನಿಂದ ಇಪ್ಪತ್ತು ಹೆಜ್ಜೆಗೆ ಹಳಿ. ಒಂದು ಮಧ್ಯಾಹ್ನ ಮಗುವನ್ನು ದೇವಕಿಯ ಕೈಗೆ ಬಿಟ್ಟು ಅಜ್ಜಿ ನೀರಿಗೆ ಹೋಗಿದ್ದರು. ಗೇಟಿನ ಚಿಲಕ ಹಾಕಿರಲಿಲ್ಲ. ಮಗು ಹೊರಗೆ ಹೋಯಿತು. ಗೂಡ್ಸ್ ಗಾಡಿ ಬಂತು.

ಇದಕ್ಕಿಂತ ಹೆಚ್ಚು ವಾಕ್ಯಗಳಲ್ಲಿ ಅದನ್ನು ಯಾರೂ ಹೇಳಿದ್ದಿಲ್ಲ.

ದೇವಕಿ ಅತ್ತೆಯ ಬದುಕು ಆ ಮಧ್ಯಾಹ್ನದಿಂದ ಒಂದು ಕಡೆಗೆ ವಾಲಿತು. ಶಾಲೆ ಬಿಡಿಸಿದರು. ನೆಂಟರ ಮನೆಗಳಲ್ಲಿ ತೊಟ್ಟಿಲ ಹತ್ತಿರ ಅವರು ಬಂದರೆ ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಿದ್ದರಂತೆ, ಸುಮ್ಮನೆ, ಏನೂ ಹೇಳದೆ. ಮದುವೆಯಾಗಿ ತಿರುವನಂತಪುರಕ್ಕೆ ಹೋದ ಮೇಲೆ, ಮಗ ಮುರಳಿ ಹುಟ್ಟಿದಾಗ, ಬಾಣಂತನಕ್ಕೆಂದು ಬಂದ ಅಜ್ಜಿ ಅಳಿಯನನ್ನು ಪಕ್ಕಕ್ಕೆ ಕರೆದು, “ಮಗುವನ್ನು ಇವಳೊಬ್ಬಳ ಕೈಗೆ ಬಿಡಬೇಡಿ” ಎಂದಿದ್ದರು. ಅದು ಅತ್ತೆಗೆ ಕೇಳಿಸಿತ್ತು. ಎರಡನೆಯ ಮಗು ಬೇಡ ಅಂದದ್ದು ಅತ್ತೆಯೇ.

ಇಷ್ಟಾದರೂ ‘ಅಕ್ಕನ ಕೈ’ ಅಚ್ಚಾದ ಪತ್ರಿಕೆಯ ಹಾಳೆಯನ್ನು ಅವರು ಕತ್ತರಿಸಿ ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಮದುವೆ ಮುಂಜಿಗಳಲ್ಲಿ ಯಾರಾದರೂ, “ಆ ಪದ್ಯದ ಅಕ್ಕ ನೀವೇ ಅಲ್ಲವೇ?” ಎಂದು ಕೇಳಿದರೆ, “ಹೌದು, ನಾನೇ” ಎನ್ನುತ್ತಿದ್ದರು. ಇಡೀ ಕುಟುಂಬದಲ್ಲಿ ತನ್ನನ್ನು ಕ್ಷಮಿಸಿದವನು ತಮ್ಮ ಒಬ್ಬನೇ ಎಂದು ಅವರು ನಂಬಿದ್ದರು. ಒಮ್ಮೆ, ನಾನು ಕಾಲೇಜಿನಲ್ಲಿದ್ದಾಗ, ನನ್ನ ತಲೆ ಬಾಚುತ್ತಾ ತಾವಾಗಿಯೇ ಹೇಳಿದ್ದರು: “ನಂಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು ಸುಧಾ. ಕೈಯಲ್ಲಿ ಅವಲಕ್ಕಿ ತಟ್ಟೆ ಇತ್ತು. ತಟ್ಟೆ ಇದ್ದ ಕಾರಣ ಚಿಲಕ ಹಾಕ್ಲಿಕ್ಕೆ ಆಗ್ಲಿಲ್ಲ. ಆಮೇಲೆ ಹಾಕುವಾ ಅಂತ ಒಳಗೆ ಹೋದೆ.”

ಆ ತಟ್ಟೆಯನ್ನು ನೆನಪಿಡಿ ಎಂದು ಹೇಳಲಾರೆ — ಅಂಥದೊಂದು ತಟ್ಟೆ ಆ ದಿನ ಇರಲೇ ಇಲ್ಲವೋ ಏನೋ.

ಅಪ್ಪನಿಗೆ ಮರೆವು ಶುರುವಾದದ್ದು ಹತ್ತಿರದ ಸಂಗತಿಗಳಿಂದ. ಬೆಳಿಗ್ಗೆ ತಿಂಡಿ ತಿಂದದ್ದು, ಅಮ್ಮ ತೀರಿಹೋಗಿ ಎಷ್ಟು ವರ್ಷವಾಯಿತು ಎಂಬುದು, ನಾನು ಕಾಕ್ಕನಾಡಿನ ಯಾವುದೋ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ ಎಂಬುದು. ಬಾಲ್ಯ ಮಾತ್ರ ದಿನದಿನಕ್ಕೆ ಹತ್ತಿರವಾಗುತ್ತಿತ್ತು. ಡಾಕ್ಟರು ಮಾತಾಡಿಸಿ, ಹಳೆಯದನ್ನು ಹೇಳಿಸಿ ಎಂದರು. ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಾಲ್ಕನಿಯಲ್ಲಿ ಅವರ ಎದುರು ಕೂತು ಫೋನಿನಲ್ಲಿ ರೆಕಾರ್ಡು ಮಾಡುತ್ತಿದ್ದೆ. ಒಮ್ಮೊಮ್ಮೆ ಬರೀ ಮಾತು, ಒಮ್ಮೊಮ್ಮೆ ಸಾಲು ಸಾಲಾಗಿ ಪದ್ಯ. ಹೇಳಿ ಮುಗಿಸಿ, “ಬರ್ಕೊಂಡ್ಯಾ?” ಎಂದು ಕೇಳುತ್ತಿದ್ದರು. ನಾನು ಸಂಜೆ ಬಂದು ಕೇಳಿಸಿಕೊಂಡು ಟೈಪು ಮಾಡುತ್ತಿದ್ದೆ. ಸ್ಟೇಷನ್ನು, ಅಜ್ಜನ ಹಸಿರು ಬಾವುಟ, ನೀರು ಕುಡಿಯುವ ಇಂಜಿನ್ನು — ಇಪ್ಪತ್ತೆಂಟು ಕವಿತೆಗಳಾದವು. ನನ್ನ ಜೀವನದಲ್ಲಿ ಅಷ್ಟು ಸುಖದ ಕೆಲಸ ನಾನು ಮಾಡಿರಲಿಲ್ಲ. ಅದನ್ನೂ ಹೇಳಬೇಕು.

ಒಂದು ಬೆಳಿಗ್ಗೆ ಅವರು ಗೇಟಿನ ಮಾತು ತೆಗೆದರು.

ನಾನು ಇಲ್ಲಿ ಅವರ ಮಾತನ್ನು ರೆಕಾರ್ಡಿನಲ್ಲಿ ಇದ್ದಂತೆಯೇ ಬರೆಯುತ್ತೇನೆ. “ದೇವಕ್ಕ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿದ್ಲು. ಅವಳು ಯಾವಾಗ್ಲೂ ಎರಡು ಸಲ ಎಳೆದು ನೋಡ್ತಿದ್ಲು. ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಹತ್ತಿ ತೆಗೆದೆ. ನನ್ನ ಹತ್ರ ಒಂದು ಮೊಳೆ ಇತ್ತು. ಹಳಿ ಮೇಲೆ ಇಟ್ರೆ ಗಾಡಿ ಹೋದ ಮೇಲೆ ಚೂರಿ ಆಗ್ತದಲ್ಲ, ಅದಕ್ಕೆ. ಪಮ್ಮಿ ಹಿಂದಿಂದ ಬಂತು. ಹೋಗು, ಮನೆಗೆ ಹೋಗು ಅಂತ ಹೇಳಿದೆ. ಹೋಗ್ಲಿಲ್ಲ. ಒಂದು ಜಲ್ಲಿಕಲ್ಲು ಬಿಸಾಡಿದೆ — ತಾಗ್ಲಿಕ್ಕೆ ಅಲ್ಲ, ಹೆದರಿಸ್ಲಿಕ್ಕೆ. ಅದು ಅಲ್ಲೇ ಕೂತು ಅಳ್ಲಿಕ್ಕೆ ಶುರು ಮಾಡಿತು. ನಾನು ಓಡಿದೆ. ಹಿಂದೆ ನೋಡ್ಲಿಲ್ಲ.”

ಆಮೇಲೆ ಸ್ವಲ್ಪ ಹೊತ್ತು ರೆಕಾರ್ಡಿನಲ್ಲಿ ಏನೂ ಇಲ್ಲ. ಕೆಳಗಿನ ರಸ್ತೆಯ ಬಸ್ಸಿನ ಸದ್ದು ಮಾತ್ರ.

“ನಾನು ಲ್ಯಾಂಪ್ ರೂಮಿನಲ್ಲಿ ಅಡಗಿ ಕೂತೆ. ಸಿಗ್ನಲಿನ ದೀಪಕ್ಕೆಲ್ಲ ಎಣ್ಣೆ ಹಾಕುವ ರೂಮು ಅದು. ಹೊರಗೆ ಬಂದಾಗ ಅಪ್ಪ ದೇವಕ್ಕನಿಗೆ ಹೊಡೀತಿದ್ರು. ಚಿಲಕ ಯಾಕೆ ಹಾಕ್ಲಿಲ್ಲ, ಯಾಕೆ ಹಾಕ್ಲಿಲ್ಲ ಅಂತ. ಅವಳು ಹಾಕಿದ್ದೆ ಅಂತ ಹೇಳಿದ್ಲು. ಮತ್ತೊಂದು ಬಿತ್ತು. ಹಾಕಿದ್ದೆ ಅಂತಲೇ ಹೇಳಿದ್ಲು. ಮೂರನೇದು ಬಿದ್ದ ಮೇಲೆ ‘ಮರೆತೆ’ ಅಂತ ಹೇಳಿದ್ಲು. ನಾನು ಅಲ್ಲೇ ಇದ್ದೆ.”

ನಾನು ಅಲ್ಲೇ ಇದ್ದೆ — ಇದನ್ನು ಅವರು ಎರಡು ಸಲ ಹೇಳಿದ್ದಾರೆ.

ಆ ದಿನ ನಾನು ರಜೆ ಹಾಕಿದೆ. ಮುಪ್ಪಿನ ಮನಸ್ಸು, ಎಲ್ಲ ಕಲಸಿಹೋಗಿದೆ, ಯಾರದೋ ಕತೆ ಯಾರಿಗೋ ಸೇರಿಕೊಂಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ವಾರದ ನಂತರ ಮತ್ತೆ ಹೇಳಿದರು, ಹಾಗೆಯೇ, ಅದೇ ಮೊಳೆ, ಅದೇ ಜಲ್ಲಿಕಲ್ಲು. ಮೂರನೆಯ ಸಲ ಅದು ಪದ್ಯವಾಗಿ ಬಂತು:

ಚಿಲಕ ತೆಗೆದೆ.
ಆಮೇಲೆ ಲ್ಯಾಂಪ್ ರೂಮಿನ ಕತ್ತಲಲ್ಲಿ
ಎಣ್ಣೆಯ ವಾಸನೆಯಾಗಿ ಕೂತೆ.

ಅಷ್ಟೇ. ಮೂರು ಸಾಲು. ಎರಡನೆಯ ಮಾತಿಲ್ಲದೆ ಅದು ಅವರು ಬರೆದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕವಿತೆ. ಅದನ್ನು ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ. ಇದ್ದಂತೆಯೇ ಅಚ್ಚು ಹಾಕಿಸಲು ಧೈರ್ಯ ಬರಲಿಲ್ಲ. ‘ಅಕ್ಕನ ಕೈ’ ಓದಿ ಕಣ್ಣೊರೆಸಿಕೊಂಡವರೆಲ್ಲ ಈಗ ಅಪ್ಪನನ್ನು ಏನೆಂದುಕೊಂಡಾರು? ತಾನು ಮಾಡಿದ್ದನ್ನು ಅಕ್ಕನ ಮೇಲೆ ಹೊರಿಸಿ, ಅವಳನ್ನೇ ಕ್ಷಮಿಸುವ ಕವಿತೆ ಬರೆದು ಹೆಸರು ಮಾಡಿದವನು — ಹೀಗೆ ಯಾರೋ ಬರೆದ ವಾಕ್ಯ ನನಗೆ ಆಗಲೇ ಕಾಣಿಸುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ.

‘ದೆ’ಯನ್ನು ಅಳಿಸಿ ‘ದಿತ್ತು’ ಎಂದು ಹಾಕಿದೆ. ಚಿಲಕ ತೆಗೆದಿತ್ತು. ಯಾರು ತೆಗೆದರು ಎಂದು ಆ ಪದ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ — ಓದುವವರಿಗೆ ‘ಅಕ್ಕನ ಕೈ’ ನೆನಪಿತ್ತಲ್ಲ.

ಈಗ ಬರೆಯುವುದು ಎಲ್ಲಕ್ಕಿಂತ ಕಷ್ಟದ್ದು. ಕರಡು ಬಂದ ದಿನ ನಾನು ಅಪ್ಪನ ಎದುರು ಕೂತು ಒಂದೊಂದೇ ಕವಿತೆ ಓದಿದೆ. ಅವರು ತೊಡೆಯ ಮೇಲೆ ಕೈ ಇಟ್ಟುಕೊಂಡು, ಶಾಲೆಯ ಮಕ್ಕಳ ಹಾಗೆ ಕೇಳುತ್ತಿದ್ದರು. ಮೂವತ್ತೊಂದನೆಯ ಪುಟ ಬಂತು. ಓದಿದೆ. ಅವರು ಕೈ ಎತ್ತಿದರು.

“ಅದು ಹಾಗಲ್ಲ” ಎಂದರು.

ನಾನು, “ಹಾಗೇ ಅಪ್ಪ. ನೀವೇ ಹೇಳಿದ್ದು” ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಆಗೆಲ್ಲ ಯಾವುದು ನಡೆದದ್ದು, ಯಾವುದು ಅಲ್ಲ ಎಂದು ತಿಳಿಯಲು ಅವರು ನನ್ನ ಮುಖವನ್ನೇ ನೋಡುತ್ತಿದ್ದರು — ಊಟ ಆಯಿತಾ, ಅಮ್ಮ ಎಲ್ಲಿ, ಇವತ್ತು ಯಾವ ವಾರ. “ನಾನೇ ಹೇಳಿದ್ದಾ?” ಎಂದರು. “ಹೌದು” ಎಂದೆ. “ಹಾಗಾದ್ರೆ ಸರಿ” ಎಂದು ಕೈ ಇಳಿಸಿದರು.

ಆಮೇಲೆ ಅವರು ಗೇಟಿನ ಮಾತನ್ನು ಎಂದೂ ಆಡಲಿಲ್ಲ. ಅರವತ್ತು ವರ್ಷಕ್ಕೂ ಮೇಲೆ ಹೊತ್ತದ್ದನ್ನು ಕೊನೆಗೂ ಬಾಯಿಗೆ ತಂದ ಮನುಷ್ಯನನ್ನು, ಅವರ ಮರೆವನ್ನೇ ಬಳಸಿಕೊಂಡು, ನಾನು ಮತ್ತೆ ಲ್ಯಾಂಪ್ ರೂಮಿಗೆ ಕಳಿಸಿದೆ.

ಪುಸ್ತಕಕ್ಕೆ ಮುನ್ನುಡಿ ನಾನೇ ಬರೆದೆ. ಕವಿಗೆ ಬಾಲ್ಯವೆಂದರೇನು, ಮನೆಯವರನ್ನು ಕಳೆದುಕೊಂಡ ನೋವು ಹೇಗೆ ಮಾತಾಗುತ್ತದೆ ಎಂದೆಲ್ಲ. ಅದರಲ್ಲಿ ಒಂದು ವಾಕ್ಯ: ‘ನೆನಪು ಸಾಕ್ಷಿ ಹೇಳುವುದಿಲ್ಲ, ಹಾಡುತ್ತದೆ.’ ವಿಮರ್ಶೆ ಬರೆದ ಇಬ್ಬರು ಅದನ್ನೇ ಎತ್ತಿ ಹೇಳಿದರು. ನನಗೆ ಹಿಗ್ಗಾಯಿತು. ಸಾಕ್ಷಿ ಹೇಳಲು ಬಂದ ನೆನಪಿನ ಬಾಯಿ ಮುಚ್ಚಿಸಿದವಳು ಬರೆದ ವಾಕ್ಯ ಅದು — ಆಗ ಅದು ನನಗೆ ಅಷ್ಟಾಗಿ ಚುಚ್ಚಲೂ ಇಲ್ಲ.

ಬಿಡುಗಡೆ ಎಂದರೆ ಕೊಚ್ಚಿಯಲ್ಲಿರುವ ನಲವತ್ತು ಐವತ್ತು ಕನ್ನಡಿಗರು ಒಂದು ಭಾನುವಾರ ಸೇರಿದ್ದು. ಬ್ಯಾಂಕಿನವರು, ಬಂದರಿನವರು, ನನ್ನ ಆಫೀಸಿನ ಇಬ್ಬರು ಹುಡುಗಿಯರು. ದೇವಕಿ ಅತ್ತೆ ತಿರುವನಂತಪುರದಿಂದ ಮುರಳಿಯ ಜೊತೆ ಬಂದಿದ್ದರು. ಯಾರೋ ಮೂವತ್ತೊಂದನೆಯ ಪುಟದ ಕವಿತೆಯನ್ನು ಓದಿದರು. ಓದುವಾಗ ನಾನು ಅತ್ತೆಯ ಕಡೆ ನೋಡಲಿಲ್ಲ, ನೆಲ ನೋಡಿದೆ.

ಮಧ್ಯಾಹ್ನ ಮನೆಗೆ ಬಂದೆವು. ಅಪ್ಪ ದಣಿದು ಒಳಗೆ ಮಲಗಿದ್ದರು. ಮುರಳಿ ಕೆಳಗೆ ಕಾರಿನ ಹತ್ತಿರ ಇದ್ದ. ಅತ್ತೆ ಅಡುಗೆಮನೆಗೆ ಬಂದು, ನಾನು ತೊಳೆದಿಟ್ಟ ಲೋಟಗಳನ್ನು ಒರೆಸಲು ಶುರು ಮಾಡಿದರು. ಒರೆಸುತ್ತಲೇ ಕೇಳಿದರು: “ಅವನ ಹತ್ರ ದಿನಾ ಕೂತು ಬರ್ದವಳು ನೀನು. ಹೇಳು ಮಗಾ — ಗೋಪಾಲ ನನ್ನನ್ನು ಮನಸ್ಸಿಂದ ಕ್ಷಮಿಸಿದ್ದಾನಾ? ಪದ್ಯದಲ್ಲಿ ಅಲ್ಲ. ಮನಸ್ಸಿಂದ.”

ನಾನು, “ಹೌದು ಅತ್ತೆ” ಎಂದೆ.

ಅವರು ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟು ನನ್ನ ಕೆನ್ನೆ ಮುಟ್ಟಿದರು. “ಅಷ್ಟು ಸಾಕು ನಂಗೆ” ಎಂದರು. ಆ ಕೈ ಒದ್ದೆಯಾಗಿತ್ತು. ಒಳಗಿನ ಕೋಣೆಗೂ ನಮಗೂ ನಡುವೆ ಒಂದು ಗೋಡೆ. ನಾನು ಒಂದು ಮಾತು ಹೇಳಿದ್ದರೆ ಅವರು ಹತ್ತು ಹೆಜ್ಜೆ ನಡೆದು ತಮ್ಮನನ್ನೇ ಕೇಳಬಹುದಿತ್ತು.

ಆರು ತಿಂಗಳಿಗೆ ಅಪ್ಪ ಹೋದರು.

ಅಲ್ಲಿಂದ ಶುರುವಾದ ಭಯವನ್ನು ಹೇಗೆ ವಿವರಿಸಲಿ. ಮೊದಲು ಫೋನ್ ಗಂಟೆಯ ಭಯ. ತಿರುವನಂತಪುರದಿಂದ ಕರೆ ಬಂದರೆ ಎತ್ತಲು ತಡಮಾಡುತ್ತಿದ್ದೆ. ಎತ್ತಿದರೆ ಅತ್ತೆ ಹಪ್ಪಳದ ಮಾತಾಡುತ್ತಿದ್ದರು. ವರ್ಷದ ನಂತರ ಮುರಳಿ ಕರೆ ಮಾಡಿದ. ಅವನು ಅಲ್ಲೇ ಓದಿ ಬೆಳೆದವನು, ಕನ್ನಡ ಓದಲು ಬಾರದು, ನನ್ನನ್ನು ಅಕ್ಕ ಎನ್ನುವ ಬದಲು ಕರೆಯುವುದೂ ಚೇಚಿ ಎಂದೇ. “ಚೇಚೀ, ಅಮ್ಮನ ಕಣ್ಣು ತುಂಬಾ ವೀಕ್ ಆಗಿದೆ. ಪುಸ್ತಕ ಓದಲಿಕ್ಕೆ ಆಗೋದಿಲ್ಲ. ಅಮ್ಮಾವನ್ ಮಾತಾಡಿದ ರೆಕಾರ್ಡಿಂಗ್ ಎಲ್ಲ ನಿಮ್ಮ ಹತ್ರ ಇದೆ ಅಲ್ಲವಾ? ಅಮ್ಮನಿಗೆ ಕೇಳಬೇಕಂತೆ.” ಅಮ್ಮಾವನ್ ಎಂದರೆ ಅವನ ಸೋದರಮಾವ, ನನ್ನ ಅಪ್ಪ.

ಆ ಫೋನು ಹಾಳಾಯಿತು, ಎಲ್ಲ ಹೋಯಿತು ಎಂದೆ. ಎಷ್ಟು ಬೇಗ ಬಾಯಿಗೆ ಬಂತು! ಅವನು, “ಅಯ್ಯೋ” ಎಂದ, ಪಾಪ, ನನಗೇ ಸಮಾಧಾನ ಹೇಳಿದ. ರೆಕಾರ್ಡುಗಳು ಮೂರು ಕಡೆ ಭದ್ರವಾಗಿದ್ದವು. ಆ ಒಂದನ್ನು ಅಳಿಸಲು ಎಷ್ಟೋ ಸಲ ಹೊರಟಿದ್ದೇನೆ. ಅಳಿಸಲಿಲ್ಲ — ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಅಪ್ಪನ ಧ್ವನಿಯ ಮೇಲಿನ ಆಸೆಯಿಂದ.

ಈ ವರ್ಷ, ಪುಸ್ತಕ ಬಂದು ನಾಲ್ಕು ವರ್ಷವಾದ ಮೇಲೆ, ತಿರುವನಂತಪುರದ ಒಬ್ಬ ನಿವೃತ್ತ ಅಧ್ಯಾಪಕಿ ಅದನ್ನು ಮಲಯಾಳಕ್ಕೆ ಅನುವಾದಿಸಲು ಒಪ್ಪಿಗೆ ಕೇಳಿದರು. ಕಾಸರಗೋಡಿನಲ್ಲಿ ಬಹಳ ವರ್ಷ ಪಾಠ ಮಾಡಿ ಕನ್ನಡ ಕಲಿತವರು. ಎಲ್ಲರ ಹಾಗೆ ನಾನೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಬೇಡ ಎನ್ನಲು ಕಾರಣ ಸಿಗಲಿಲ್ಲ. ಒಂದು ಬುಧವಾರ ಅವರು ಫೋನ್ ಮಾಡಿದರು.

“ಮೂವತ್ತೊಂದನೇ ಪುಟದಲ್ಲಿ ಒಂದು ಸಂಶಯ ಉಂಟು” ಎಂದರು. “ಚಿಲಕ ತೆಗೆದಿತ್ತು, ಸರಿ. ಅಕ್ಕ ಹಾಕಲಿಕ್ಕೆ ಮರೆತದ್ದು. ಹಾಗಾದರೆ ಈ ಹುಡುಗ ಲ್ಯಾಂಪ್ ರೂಮಿನಲ್ಲಿ ಯಾಕೆ ಅಡಗಿ ಕೂತ? ತಪ್ಪು ಮಾಡದವನು ಅಡಗುವುದಿಲ್ಲ. ಮೊದಲ ಸಾಲು ಒಬ್ಬರದ್ದು, ಉಳಿದ ಎರಡು ಸಾಲು ಬೇರೆಯವರದ್ದು ಅಂತ ನನಗೆ ತೋರುತ್ತದೆ.”

ಸಾವಿರ ಜನ ಓದಿದ್ದರು. ಯಾರಿಗೂ ಕಾಣದ ಹೊಲಿಗೆ ಈ ಹೆಂಗಸಿಗೆ ಕಂಡಿತ್ತು. ಅಪ್ಪನ ಅವಸ್ಥೆ ಹಾಗಿತ್ತು, ಸಾಲುಗಳು ಬಿಡಿ ಬಿಡಿಯಾಗಿ ಬರುತ್ತಿದ್ದವು ಎಂದೇನೋ ಹೇಳಿದೆ.

“ಪರವಾಗಿಲ್ಲ” ಎಂದರು ಟೀಚರ್. “ಅವರ ಅಕ್ಕ ಉಳ್ಳೂರಿನಲ್ಲೇ ಇದ್ದಾರಲ್ಲ, ನನ್ನ ಮನೆಯಿಂದ ಹತ್ತು ನಿಮಿಷ. ಶನಿವಾರ ಸಂಜೆ ಹೋಗಿ ಕೇಳುತ್ತೇನೆ.”

ಧೈರ್ಯ ಮಾಡಿ ಹೋದೆ ಎಂದು ಬರೆಯಲಾರೆ. ಸಿಕ್ಕಿಬೀಳುವ ಭಯದಿಂದ ಹೋದೆ. ಗುರುವಾರ, ಶುಕ್ರವಾರ ಆಫೀಸಿನಲ್ಲಿ ಏನು ಕೆಲಸ ಮಾಡಿದೆನೋ ನೆನಪಿಲ್ಲ. ಅತ್ತೆ ಏನೂ ತಿಳಿಯದೆ, “ಹೌದು, ನಾನು ಮರೆತದ್ದು, ಕೈಯಲ್ಲಿ ತಟ್ಟೆ ಇತ್ತು” ಎಂದು ಆ ಅಪರಿಚಿತರ ಮುಂದೆ ಮತ್ತೊಮ್ಮೆ ತಪ್ಪೊಪ್ಪಿಕೊಳ್ಳುವುದು — ಅದೇ ಚಿತ್ರ ಕಣ್ಣೆದುರು. ಅದಕ್ಕಿಂತ ಹೆಚ್ಚಾಗಿ — ಹೇಳಿಬಿಡುತ್ತೇನೆ — ಟೀಚರ್ ಅದನ್ನು ನಂಬದೆ, ನನ್ನ ಹೆಸರು ಎತ್ತುವ ಚಿತ್ರ.

ಶನಿವಾರ ಬೆಳಿಗ್ಗೆ ಎರ್ನಾಕುಲಂ ಸೌತಿನಿಂದ ಗಾಡಿ ಹತ್ತಿದೆ. ಫೋನಿನ ಬ್ಯಾಟರಿ ತುಂಬಿದೆಯೇ ಎಂದು ಆಲಪ್ಪುಳದವರೆಗೆ ಹತ್ತು ಸಲ ನೋಡಿರಬೇಕು. ಕೊಲ್ಲಂ ಬಂದಾಗ ಇಳಿದು ವಾಪಸ್ ಹೋಗೋಣ ಎನಿಸಿತು. ಬಾಗಿಲವರೆಗೆ ಹೋಗಿಯೂ ಇದ್ದೆ. ಹತ್ತುವವರು ನೂಕಿಕೊಂಡು ಬಂದರು, ಒಬ್ಬ ಹೆಂಗಸು “ಮೋಳೇ, ಒನ್ನ್ ಒದುಙ್ಙಿ ನಿಲ್ಕ್” ಎಂದು ಪಕ್ಕಕ್ಕೆ ಸರಿಯಲು ಹೇಳಿದಳು, ಅಷ್ಟರಲ್ಲಿ ಗಾಡಿ ಹೊರಟಿತು. ನಾನು ನಿರ್ಧರಿಸಿದ್ದು ಎಂದು ಏನೂ ಇಲ್ಲ.

ಉಳ್ಳೂರಿನ ಮನೆಯಲ್ಲಿ ಮುರಳಿ ಬಾಗಿಲು ತೆರೆದ. ಹೇಳದೆ ಬಂದದ್ದಕ್ಕೆ ಅವನಿಗೆ ಖುಷಿ. ಅತ್ತೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ಹತ್ತಿರವಾದ ಸಣ್ಣ ಜೀವ. ಧ್ವನಿಯಿಂದ ಗುರುತು ಹಿಡಿದು, “ಸುಧಾ? ಎಂತ ಮಾರಾಯ್ತಿ, ಒಂದು ಫೋನಾದ್ರೂ ಮಾಡಬಾರ್ದಾ? ಊಟಕ್ಕೆ ಎಂತ ಉಂಟೋ ಏನೋ” ಎಂದರು. ಅವರ ಪಾದದ ಹತ್ತಿರ ನೆಲದ ಮೇಲೆ ಕೂತೆ. ಊಟ ಆದ ಮೇಲೆ ಹೇಳೋಣ ಎಂದರೆ ಎಂದಿಗೂ ಹೇಳಲಾರೆ ಎಂದು ಗೊತ್ತಿತ್ತು.

“ಅತ್ತೆ, ಅಪ್ಪನ ರೆಕಾರ್ಡು ಹೋಗಿಲ್ಲ. ನಾನು ಸುಳ್ಳು ಹೇಳಿದ್ದೆ. ಒಂದನ್ನು ನೀವು ಕೇಳಬೇಕು” ಎಂದೆ.

ಮುರಳಿ ನಿಂತಲ್ಲೇ ನಿಂತ. ನಾನು ಫೋನನ್ನು ಅತ್ತೆಯ ತೊಡೆಯ ಮೇಲಿಟ್ಟೆ.

ಅಪ್ಪನ ಧ್ವನಿ ಕೇಳಿದ ಕೂಡಲೇ ಅವರ ಮುಖ ಅರಳಿತು. ದೇವಕ್ಕ ಎಂಬ ಹೆಸರು ಬಂದಾಗ ನಕ್ಕರು. ಆಮೇಲೆ ನಗು ಎಲ್ಲಿ ನಿಂತಿತೋ ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಮೊಳೆ, ಜಲ್ಲಿಕಲ್ಲು, ಬಸ್ಸಿನ ಸದ್ದು, ಲ್ಯಾಂಪ್ ರೂಮು, ಮೂರನೆಯ ಪೆಟ್ಟು. ನಾನು ಅಲ್ಲೇ ಇದ್ದೆ. ನಾನು ಅಲ್ಲೇ ಇದ್ದೆ.

ಮುಗಿದ ಮೇಲೆ ಮೊದಲು ಮಾತಾಡಿದ್ದು ಅತ್ತೆಯೇ.

“ಎರಡು ಸಲ ಎಳೆದು ನೋಡಿದ್ದೆ ಅಂತ ಹೇಳಿದ್ನಾ?”

“ಹೌದು ಅತ್ತೆ.”

“ಅದೊಂದು ಮತ್ತೆ ಹಾಕು.”

ಹಾಕಿದೆ. ಮತ್ತೆ ಹಾಕು ಎಂದರು. ಮತ್ತೆ ಹಾಕಿದೆ. ಅವರ ಬಲಗೈ ಕುರ್ಚಿಯ ತೋಳನ್ನು ಹಿಡಿದು, ಮೆಲ್ಲಗೆ, ಎರಡು ಸಲ ಎಳೆಯಿತು.

“ಹಾಗಾದ್ರೆ ಆ ತಟ್ಟೆ?” ಎಂದರು, ನಮ್ಮಿಬ್ಬರಲ್ಲಿ ಯಾರನ್ನೂ ಅಲ್ಲ. “ಆ ಅವಲಕ್ಕಿ ತಟ್ಟೆ ಯಾವತ್ತಿಂದು? ನಂಗೆ ಅದು ಇಷ್ಟು ವರ್ಷ ಕಾಣ್ತಿತ್ತಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಇದು ನಿಂಗೆ ಯಾವಾಗ ಗೊತ್ತಾದ್ದು?”

“ಅಪ್ಪ ಇರುವಾಗಲೇ. ಪುಸ್ತಕ ಬರುವ ಮೊದಲು.”

“ಅವತ್ತು ಅಡುಗೆಮನೆಯಲ್ಲಿ ನಾನು ನಿನ್ನ ಹತ್ರ ಕೇಳಿದ್ದೆ.”

“ಹೌದು.”

“ನೀನು ಹೌದು ಅಂತ ಹೇಳಿದಿ.”

“ಹೌದು ಅತ್ತೆ.”

“ಅವ ಒಳಗೇ ಇದ್ದ” ಎಂದರು. ಧ್ವನಿ ಏರಲಿಲ್ಲ. “ಎದ್ದು ಹೋಗಿ ಅವನ ಪಕ್ಕ ಕೂತ್ಕೊಳ್ತಿದ್ದೆ. ಹೊಡೀಲಿಕ್ಕೆ ಅಲ್ಲ. ಎಂಟು ವರ್ಷದ ಮಗು ಅವ, ಹೆದರಿದ್ದ. ‘ಗೋಪಾಲ, ನೀನೂ ಇಷ್ಟು ವರ್ಷ ಒಬ್ಬನೇ ಕೂತಿದ್ದೆಯಾ’ ಅಂತ ಕೇಳ್ತಿದ್ದೆ. ಅದೊಂದು ಕೇಳ್ಲಿಕ್ಕೆ ನಂಗೆ ಇತ್ತಲ್ಲ, ಸುಧಾ. ನೀನು ಬಿಡ್ಲಿಲ್ಲ.”

ಅಪ್ಪನ ಹೆಸರು ಕೆಡುತ್ತದೆ ಎಂದು ಹೆದರಿದೆ ಎಂದೆ. ಆ ಮಾತು ನನ್ನ ಬಾಯಿಂದ ಹೊರಬಿದ್ದ ಕೂಡಲೇ ಎಷ್ಟು ಸಣ್ಣದಾಗಿ ಕೇಳಿಸಿತು.

“ನನ್ನ ಹೆಸರು ಅರವತ್ತು ವರ್ಷ ಕೆಟ್ಟೇ ಇತ್ತು” ಎಂದರು ಅತ್ತೆ. “ನನ್ನ ಅಮ್ಮ ಸಾಯುವಾಗ ಸಹ ಮುರಳಿಯ ಕೈ ಹಿಡ್ಕೊಂಡಿದ್ರು, ನನ್ನದ್ದು ಅಲ್ಲ. ಅದಕ್ಕೆ ಯಾರೂ ಹೆದರ್ಲಿಲ್ಲ. ಪುಸ್ತಕದಲ್ಲಿ ಸರಿ ಮಾಡು. ಅವ ಹೇಳಿದ ಹಾಗೇ ಹಾಕು. ಯಾರು ಬದಲು ಮಾಡಿದ್ದು ಅಂತ ಸಹ ಹಾಕು.”

“ಹಾಕುತ್ತೇನೆ.”

“ಈಗ ಹೊರಡು. ಇದು — ಈ ಧ್ವನಿ — ಮುರಳಿಯ ಫೋನಿಗೆ ಕೊಟ್ಟು ಹೋಗು.”

ಮುರಳಿ ನನ್ನನ್ನು ಜಂಕ್ಷನ್ನಿನವರೆಗೆ ಬಿಡಲು ಬಂದ. ದಾರಿಯಲ್ಲಿ ಒಂದೇ ಮಾತು ಹೇಳಿದ: “ಚೇಚೀ, ನಾನು ಕೂಡ ಅಮ್ಮ ಮರೆತದ್ದು ಅಂತಲೇ ನಂಬಿದ್ದೆ. ನನ್ನ ಮಗಳು ಹುಟ್ಟಿದಾಗ ನಾನು ಕೂಡ —” ಅಲ್ಲಿಗೇ ನಿಲ್ಲಿಸಿದ. ನಾನು ಆಟೋ ಹತ್ತಿದೆ.

ಆ ಸಂಜೆ ಟೀಚರಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಅತ್ತೆಯ ಮನೆಗೆ ಹೋಗಲಿಲ್ಲ. ಮಲಯಾಳದ ಕ್ರಿಯಾಪದ ಯಾರು ಎಂದು ಹೇಳುವುದಿಲ್ಲ, ಹಾಗಾಗಿ ಅಲ್ಲಿ ಆ ಸಾಲು ‘ನಾನು’ ಎಂದೇ ಶುರುವಾಗುತ್ತದೆ. ಕನ್ನಡದ ಎರಡನೆಯ ಮುದ್ರಣದಲ್ಲೂ ಅಪ್ಪ ಹೇಳಿದ ಪದವೇ ಇರುತ್ತದೆ. ಮುನ್ನುಡಿ ತೆಗೆದು ಅಲ್ಲಿ ಈ ಬರಹವನ್ನು ಹಾಕಲು ಹೇಳಿದ್ದೇನೆ. ಮೊದಲ ಮುದ್ರಣ ನಿಮ್ಮ ಹತ್ತಿರವಿದ್ದರೆ ಪೆನ್ನು ತೆಗೆದುಕೊಂಡು ಆ ಕ್ರಿಯಾಪದವನ್ನು ನೀವೇ ತಿದ್ದಿಕೊಳ್ಳಿ. ಅಪ್ಪನ ಬಗ್ಗೆ ನಿಮಗೆ ಏನನ್ನಿಸುತ್ತದೋ ಅದು ನಿಮಗೆ ಬಿಟ್ಟದ್ದು. ಅವರು ಕೊನೆಗೆ ಹೇಳಿದ್ದರು. ಹೇಳದಂತೆ ಮಾಡಿದವಳು ನಾನು.

ಒಂದು ಸಂಗತಿಯನ್ನು ಉಳ್ಳೂರಿನಲ್ಲೂ ಹೇಳಿರಲಿಲ್ಲ — ಕರಡು ಓದಿದ ದಿನ ಅಪ್ಪ ಕೈ ಎತ್ತಿ, ‘ಅದು ಹಾಗಲ್ಲ’ ಎಂದದ್ದನ್ನು. ಅತ್ತೆಗೆ ಈ ಬರಹವನ್ನು ಯಾರಾದರೂ ಓದಿ ಹೇಳಿದಾಗ ಅದೂ ತಿಳಿಯುತ್ತದೆ. ತಿಳಿಯಲಿ.

ಆ ದಿನದಿಂದ ಅತ್ತೆ ನನ್ನ ಜೊತೆ ಮಾತಾಡಿಲ್ಲ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಫೋನ್ ಮಾಡುತ್ತೇನೆ. ಮುರಳಿ ಎತ್ತುತ್ತಾನೆ, “ಅಮ್ಮ ಮಲಗಿದ್ದಾರೆ ಚೇಚೀ” ಎನ್ನುತ್ತಾನೆ. ಹಿಂದಿನಿಂದ ಅತ್ತೆಯ ಧ್ವನಿ ನನಗೆ ಚೆನ್ನಾಗಿ ಕೇಳಿಸುತ್ತಿರುತ್ತದೆ — ಮೊಮ್ಮಗಳಿಗೆ ಏನೋ ಹೇಳುತ್ತಿರುತ್ತಾರೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿರುತ್ತಾಳೆ. ನಾನು, “ಸರಿ, ಎದ್ದ ಮೇಲೆ ಹೇಳು” ಎನ್ನುತ್ತೇನೆ. ಮುಂದಿನ ಭಾನುವಾರವೂ ಮಾಡುತ್ತೇನೆ.